ದಬ್ಬಳ ಚಿಕ್ಕಮ್ಮನ ಗುಂಡುಸೂಜಿ

ನನ್ನ ತಮ್ಮನ ಹೆಂಡತಿಯನ್ನು ನಮ್ಮ ಮನೆಯ ಮಕ್ಕಳೆಲ್ಲ ದಬ್ಬಳ ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಗೋಣಿಚೀಲ ಹೊಲಿಯುವ ಆ ದಪ್ಪ ಸೂಜಿಯ ಹಾಗೆಯೇ ಅವಳು: ಉದ್ದ, ನೆಟ್ಟಗೆ, ಒಮ್ಮೆ ಒಳಹೊಕ್ಕರೆ ಆ ಕಡೆಯಿಂದ ಹೊರಬೀಳುವ ತನಕ ನಿಲ್ಲುವವಳಲ್ಲ. ಮದುವೆಯಾಗಿ ಬಂದಾಗ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬಿ ಹೊಲಿಯುತ್ತಿದ್ದಳು. ಈಗ ಸರ್ಕಾರದ ಹೊಲಿಗೆ ಕೋಣೆಯಲ್ಲಿ ಕೂತು ಬಾಹ್ಯಾಕಾಶಕ್ಕೆ ಹೋಗುವವರ ಕೈಗವಸು ಹೊಲಿಯುತ್ತಾಳೆ. ಹೊಲಿಯುವುದಷ್ಟೇ ಅಲ್ಲ, ಆ ಕೋಣೆಗೆ ಅವಳೇ ಯಜಮಾನಿ. ಬೀಗದ ಕೈ ಅವಳ ಸೊಂಟದಲ್ಲಿ.

ನನ್ನ ತಮ್ಮ ನಲ್ಲಿ ರಿಪೇರಿಯವನು. ಅವನಿಗೆ ಇದೆಲ್ಲ ಮೊದಲಿನಿಂದಲೂ ಸೇರದು. ತಟ್ಟೆಯ ಮುಂದೆ ಕೂತರೆ ಸಾಕು, ಶುರು ಮಾಡುತ್ತಾನೆ:

"ಬೀದಿ ಪೈಪೆಲ್ಲ ತುಕ್ಕು ಹಿಡಿದು ಸೋರ್ತಿದೆ. ನಿಮ್ಮ ಸರ್ಕಾರಕ್ಕೆ ಆಕಾಶಕ್ಕೆ ಜನ ಕಳಿಸೋ ಹುಚ್ಚು!"

"ನನ್ನ ಸರ್ಕಾರ ಯಾವಾಗ ಆಯ್ತೋ? ಓಟು ಹಾಕಿದ್ದು ನೀನು. ಸುಮ್ನೆ ತಿನ್ನು."

ಕಳೆದ ವರ್ಷ ಈ ತಮಾಷೆ ಬಿಸಿಯಾಯಿತು. ಮನುಷ್ಯರನ್ನು ಮೇಲೆ ಕಳಿಸುವ ಕೆಲಸಕ್ಕೆ ಕೊಡುವ ಹಣವನ್ನು ನಿಲ್ಲಿಸಬೇಕೆಂಬ ಮಾತು ಸರ್ಕಾರದಲ್ಲೇ ಎದ್ದಿತ್ತು. ನಿಲ್ಲಿಸಿದರೆ ಹೊಲಿಗೆ ಕೋಣೆ ಮುಚ್ಚಿದ ಹಾಗೆಯೇ. ಚಿಕ್ಕಮ್ಮ ಮತ್ತೆ ಹಾಸಿಗೆ ಅಂಗಡಿಗೆ ಹೋಗಬೇಕು, ಅರ್ಧ ಹೊಲಿದ ಕೈಗವಸು ಯಾವುದೋ ಪೆಟ್ಟಿಗೆ ಸೇರಬೇಕು. ಅವಳ ಕೈಯ ಹೊಲಿಗೆ ಒಮ್ಮೆ ಆಕಾಶದಾಚೆಯ ಕತ್ತಲೆಯನ್ನು ಮುಟ್ಟಿ ಬರಬೇಕೆಂಬುದು ಅವಳ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಮನೆಯ ಗೋಡೆಗಳಿಗೂ ಗೊತ್ತಿತ್ತು.

ಹಣಕಾಸು ಸಮಿತಿಯಿಂದ ಒಬ್ಬ ಸದಸ್ಯರು ಕೋಣೆ ನೋಡಲು ಬಂದರು. ಬೊಕ್ಕತಲೆ, ಬಿಗಿದ ತುಟಿ, ಹರಳೆಣ್ಣೆ ಕುಡಿದವರ ಮುಖ. ಹಣ ಬೇಡವೆಂದು ಮೊದಲು ಕೂಗಿದವರೇ ಅವರು. ಇಡೀ ಕಚೇರಿಯ ಮೇಲ್ವಿಚಾರಕ ಹಲ್ಲು ಕಿರಿಯುತ್ತ ಅದು ಇದು ತೋರಿಸಿದ. ಸದಸ್ಯರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಗಡಿಯಾರ ನೋಡಿಕೊಂಡು ರೈಲು ಹಿಡಿಯಲು ಬಾಗಿಲ ಕಡೆ ತಿರುಗಿದರು. ಅಷ್ಟರಲ್ಲಿ ಕೆಲಸ ಮುಗಿಯುವ ಗಂಟೆ ಹೊಡೆಯಿತು.

ಆ ಕೋಣೆಯದೊಂದು ಕಟ್ಟಳೆಯಿದೆ. ಗಂಟೆ ಹೊಡೆದ ಕೂಡಲೇ ಚಿಕ್ಕಮ್ಮ ಬಾಗಿಲಿಗೆ ಬೀಗ ಹಾಕುತ್ತಾಳೆ. ಗೋಡೆಯ ಮರದ ಹಲಗೆಯಲ್ಲಿ ಪ್ರತಿ ಗುಂಡುಸೂಜಿಗೂ ಒಂದು ತೂತು. ಎಲ್ಲ ತೂತೂ ತುಂಬಿದ ಮೇಲೆಯೇ ಬಾಗಿಲು ತೆರೆಯುವುದು. ಬಟ್ಟೆಯ ಮಡಿಕೆಯಲ್ಲಿ ಒಂದು ಸೂಜಿ ಉಳಿದು ಮೇಲೆ ಹೋದರೆ ತೊಟ್ಟವರ ಗತಿಯೇನು? ಯಾರ ತಪ್ಪಿನಿಂದ ಸೂಜಿ ಕಳೆದರೂ ಅವರು ಒಂದು ವಾರ ಹೊಲಿಗೆ ಬಿಟ್ಟು ಪೊರಕೆ ಹಿಡಿಯಬೇಕು. ಈ ಶಿಕ್ಷೆ ಚಿಕ್ಕಮ್ಮನೇ ತಂದದ್ದು.

ಅಂದು ಒಂದು ತೂತು ಖಾಲಿ ಉಳಿಯಿತು.

"ಬಾಗಿಲು ತೆಗೀರಿ, ನನ್ನ ರೈಲು ಹೋಗುತ್ತೆ," ಎಂದರು ಸದಸ್ಯರು.

"ಸೂಜಿ ಸಿಗ್ಲಿ ಸಾಹೇಬ್ರೇ, ತೆಗೀತೀನಿ."

"ನಾನು ಯಾರು ಗೊತ್ತೇನಮ್ಮ? ಸರ್ಕಾರ!"

"ಇರಬಹುದು. ಆ ಮೇಜಿನ ಕೆಳಗೆ ಯಾರೂ ನೋಡಿಲ್ಲ, ಸ್ವಲ್ಪ ಬಗ್ಗಿ."

ಮೇಲ್ವಿಚಾರಕ ಚಿಕ್ಕಮ್ಮನ ಬಳಿ ಸರಿದ. "ಅಕ್ಕಾ, ಇವತ್ತೊಂದಿನ ಬಿಡಿ, ಕಾಲಿಗೆ ಬೀಳ್ತೀನಿ," ಎಂದು ಪಿಸುಗುಟ್ಟಿದ. "ಬೀಳೋದಾದ್ರೆ ಅಲ್ಲೇ ನೆಲಾನೂ ತಡಕು," ಎಂದಳು ಇವಳು.

ಬೇರೆ ದಾರಿ ಕಾಣದೆ ಸದಸ್ಯರು ಕೋಟು ಬಿಚ್ಚಿ ಮೊಣಕಾಲೂರಿದರು. ಹೊಲಿಯುವ ಹೆಂಗಸರೆಲ್ಲ ನೆಲದ ಮೇಲೆ ಅಂಬೆಗಾಲಿಟ್ಟರು. ಚಿಕ್ಕಮ್ಮ ನಡುವೆ ನಿಂತು ಒಬ್ಬೊಬ್ಬರನ್ನೇ ಗದರುತ್ತಿದ್ದಳು: "ಕಣ್ಣು ಎಲ್ಲಿಟ್ಟಿರ್ತೀರೇ? ಮೈಮೇಲೆ ಜ್ಞಾನ ಬೇಡ್ವಾ?"

ಮೇಜಿನ ಕೆಳಗಿನಿಂದ ಸದಸ್ಯರ ದನಿ ಬಂತು. "ನಮ್ಮ ಕಡೆ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ ಬರುತ್ತೆ. ನೀವಿಲ್ಲಿ ಕೈಗವಸು ಹೊಲೀತೀರಿ!"

"ನನ್ನ ಗಂಡನೂ ದಿನಾ ಇದೇ ರಾಗ ಎಳೀತಾನೆ."

"ನೀವೇನಂತೀರಿ ಅದಕ್ಕೆ?"

"ನೀರು ಕೊಡಿ ಅಂತೀನಿ. ಬೇಡ ಅಂದೋರ್ಯಾರು? ಆದ್ರೆ ಈ ಕೆಲಸಾನೂ ಶುರು ಮಾಡಿದ್ದು ನೀವೇ ಅಲ್ವಾ? ಯಾರೋ ಹೆತ್ತ ಮಗಳು ನಿಮ್ಮ ಮಾತು ನಂಬಿ ಮೇಲೆ ಹೋಗೋಕೆ ತಯಾರಾಗಿ ಕೂತಿದ್ದಾಳೆ. ಕೈಗವಸು ಅಲ್ಲಿ ಸೋರಿದ್ರೆ ರಿಪೇರಿಗೆ ನನ್ನ ಗಂಡನ್ನ ಕಳಿಸೋಕಾಗುತ್ತಾ?"

ಸದಸ್ಯರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಬೆವರೊರೆಸಿಕೊಳ್ಳುತ್ತ ಹೊರಗೆ ತೆವಳಿ, ಸುಸ್ತಾಗಿ ಅಲ್ಲೇ ನೆಲಕ್ಕೆ ಕೂತರು. ಹೊರಗಡೆ ರೈಲು ಕೂಗಿ ಹೋಯಿತು. ತಲೆಯೆತ್ತಿ ಚಿಕ್ಕಮ್ಮನ ಕಡೆಗೇ ನೋಡುತ್ತ ಉಳಿದರು.

"ಅಮ್ಮಾ, ನಿಮ್ಮ ಟೋಪೀಲಿ ಏನೋ ಮಿನುಗ್ತಿದೆ."

ಚಿಕ್ಕಮ್ಮನ ಕೈ ತಲೆಗೆ ಹೋಯಿತು. ಕೋಣೆಯಲ್ಲಿ ಎಲ್ಲರೂ ತೊಡುವ ಬಿಳಿ ಬಟ್ಟೆಯ ಟೋಪಿ. ಅದರ ಮೂಲಕ ತುರುಬಿಗೆ ಚುಚ್ಚಿತ್ತು ಬಿಳಿ ತಲೆಯ ಗುಂಡುಸೂಜಿ, ಮೊನೆ ಮಾತ್ರ ಇಷ್ಟೇ ಇಷ್ಟು ಇಣುಕುತ್ತಿತ್ತು. ಹಾಸಿಗೆ ಅಂಗಡಿಯಲ್ಲಿ ಎರಡು ಕೈಯಲ್ಲೂ ಹತ್ತಿ ಹಿಡಿದಾಗ ಸೂಜಿಗೆ ತುರುಬೇ ಜಾಗ. ಆ ಚಾಳಿ ಅವಳಿಗೆ ತಿಳಿಯದಂತೆ ಅವಳ ಜೊತೆ ಇಲ್ಲಿಯವರೆಗೂ ಬಂದಿತ್ತು.

ಮೇಲ್ವಿಚಾರಕ ಕಣ್ಣು ಮುಚ್ಚಿಕೊಂಡ. ಚಿಕ್ಕಮ್ಮ ಸೂಜಿಯನ್ನು ಹಲಗೆಗೆ ಚುಚ್ಚಿದಳು, ಬಾಗಿಲು ತೆರೆದಳು, ಬೀಗದ ಕೈಯನ್ನು ಪಕ್ಕದವಳಿಗೆ ಕೊಟ್ಟಳು. ಮೂಲೆಗೆ ಹೋಗಿ ಪೊರಕೆ ತಂದು, "ಸಾಹೇಬ್ರೇ, ಸ್ವಲ್ಪ ಕಾಲೆತ್ತಿ," ಎಂದಳು.

ಸದಸ್ಯರು ಈಗ ನಿಜವಾಗಿಯೂ ನಕ್ಕರು. "ಇಷ್ಟು ವರ್ಷ ಸರ್ಕಾರಿ ಕಚೇರಿ ಸುತ್ತಿದ್ದೀನಿ. ತಪ್ಪು ಮಾಡಿದೋರು ತಾವೇ ಪೊರಕೆ ಹಿಡಿದಿದ್ದು ಇವತ್ತೇ ಕಂಡಿದ್ದು," ಎಂದು ಕೋಟು ಹೆಗಲಿಗೆ ಹಾಕಿಕೊಂಡು ಹೋದರು.

ವಾರ ಮುಗಿಯುವ ಮೊದಲೇ ಆದೇಶ ಬಂತು. ಈ ಪಯಣದ ಹಣ ನಿಲ್ಲುವುದಿಲ್ಲ, ಮುಂದಿನದನ್ನು ಮುಂದೆ ನೋಡೋಣ ಎಂದು. ಮೇಲ್ವಿಚಾರಕ ಓಡಿ ಬಂದ. "ಅಕ್ಕಾ, ಪೊರಕೆ ಬಿಸಾಕಿ! ಬನ್ನಿ, ಕೈಗವಸು ಮುಗಿಸಿ!"

"ನನ್ನ ವಾರ ಇನ್ನೂ ಮುಗಿದಿಲ್ಲ. ದಾರಿ ಬಿಡು, ಧೂಳಿದೆ," ಎಂದು ಚಿಕ್ಕಮ್ಮ ಗುಡಿಸುತ್ತಲೇ ಇದ್ದಳು. ಕಣ್ಣು ಯಾಕೆ ಒದ್ದೆಯಾಗಿದೆ ಎಂದು ಕೇಳಿದವರಿಗೂ ಅದೇ ಧೂಳನ್ನು ತೋರಿಸಿದಳಂತೆ.

ಸಂಜೆ ಮನೆಯಲ್ಲಿ ಸಿಹಿ ಹಂಚಿದಳು. ನನ್ನ ತಮ್ಮ ಎರಡೆರಡು ಸಲ ತಿಂದ, ಬಾಯಿ ಒರೆಸಿಕೊಂಡು ಹಳೇ ರಾಗ ತೆಗೆದ.

"ಅದು ಸರಿ ಕಣೇ, ನಮ್ಮ ಬೀದಿ ಪೈಪಿನ ಗತಿ?"

"ಅದಕ್ಕೆ ನೀನೂ ಯಾರನ್ನಾದ್ರೂ ಒಳಗೆ ಹಾಕಿ ಬೀಗ ಜಡಿ," ಎಂದಳು ಚಿಕ್ಕಮ್ಮ. "ಬೀಗ ಬೇಕಾದ್ರೆ ನಾನು ಕೊಡ್ತೀನಿ."