ಮೊದಲು ಕಿವಿಯ ಹಿಂದೆ, ಆಮೇಲೆ ತಲೆಗೆ

ಬೆಳಗಿನ ಆರು ಗಂಟೆ. ರಾಜಾಜಿನಗರದ ಅಡ್ಡರಸ್ತೆಯೊಂದರಲ್ಲಿ ಬೆಟ್ಟಯ್ಯನವರ ಕಟಿಂಗ್ ಶಾಪಿನ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಕುಕ್ಕರಗಾಲಿನಲ್ಲಿ ಕುಳಿತ ಹೆಂಗಸೊಬ್ಬರು ನಿನ್ನೆ ಗುಡಿಸಿಟ್ಟ ಕೂದಲ ರಾಶಿಯಲ್ಲಿ ಬೆರಳಾಡಿಸುತ್ತಿದ್ದಾರೆ. ಕಪ್ಪು ಕೂದಲು ಅವರಿಗೆ ಬೇಡ. ಬಿಳಿಯದು ಸಿಕ್ಕರೆ ಮಾತ್ರ ಕಣ್ಣು ಅರಳುತ್ತದೆ. ಎತ್ತಿ, ಊದಿ, ದಾರದಲ್ಲಿ ಗಂಟು ಹಾಕಿ, ಹಳೆಯ ಊಟದ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಹಾಲು ತರಲು ಹೊರಟವರು ಬಗ್ಗಿ ನೋಡಿ ಮೂಗು ಮುರಿದು ಮುಂದೆ ಹೋಗುತ್ತಾರೆ. ಮುರಿಯಲಿ ಬಿಡಿ. ಅವರ ಮನೆಯ ಹೆಣ್ಣುಮಕ್ಕಳ ತಲೆ ಕಾಯುವ ಕೆಲಸ ಇಲ್ಲಿಂದಲೇ ಶುರುವಾಗುತ್ತದೆ ಎಂದು ಅವರಿಗೇನು ಗೊತ್ತು!

ಇವರು ಶಂಕ್ರವ್ವ. ವಯಸ್ಸು ನಲವತ್ತಾರು. ಊರು ಗದಗಿನ ಕಡೆ, ವಾಸ ಕಾಮಾಕ್ಷಿಪಾಳ್ಯದ ಬಾಡಿಗೆ ಮನೆ. ಪಶ್ಚಿಮ ಬೆಂಗಳೂರಿನ ಇಪ್ಪತ್ತೇಳು ಪಾರ್ಲರ್ ಮತ್ತು ಸಲೂನುಗಳಿಗೆ ಸೀಗೆ-ಅಂಟುವಾಳದ ಶಾಂಪೂ, ಎಣ್ಣೆ, ಮೆಹಂದಿ ಪುಡಿ ಆರಿಸಿ ತಂದುಕೊಡುವುದು ಅವರ ಕಸುಬು. ಆರಿಸಿ ಎನ್ನುವ ಮಾತಿಗೆ ಇಲ್ಲಿ ತೂಕ ಜಾಸ್ತಿ. ಯಾವ ಪುಡಿಯಾದರೂ ಮನುಷ್ಯರ ತಲೆ ಮುಟ್ಟುವ ಮೊದಲು ಬೆಟ್ಟಯ್ಯನವರ ಅಂಗಡಿಯ ಈ ಬಿಳಿಕೂದಲ ಗಂಟುಗಳ ಮೇಲೆ ಪಾಸಾಗಬೇಕು.

“ಈಯಮ್ಮ ಬಂದ್ಮೇಲೆ ನಮ್ ಕಸಕ್ಕೂ ಮರ್ಯಾದೆ ಬಂತು ಸಾರ್,” ಎಂದು ಬೆಟ್ಟಯ್ಯ ಕನ್ನಡಿ ಒರೆಸುತ್ತಲೇ ನಗುತ್ತಾರೆ. “ವಯಸ್ಸಾದೋರು ಕಟಿಂಗ್‌ಗೆ ಬಂದ್ರೆ ಅವರ ಕೂದಲನ್ನ ಬೇರೆ ಪೇಪರ್‌ನಲ್ಲಿ ಕಟ್ಟಿಡ್ತೀನಿ. ಒಬ್ರು ರಿಟೈರ್ಡ್ ಮೇಷ್ಟ್ರು ಹೆದರ್ಕೊಂಡೇ ಬಿಟ್ರು, ಏನಯ್ಯಾ ಮಾಟ ಗೀಟ ಮಾಡಿಸ್ತೀಯಾ ಅಂತ! ಅವರನ್ನ ಸಮಾಧಾನ ಮಾಡೋಷ್ಟರಲ್ಲಿ ಸಾಕಾಗೋಯ್ತು.”

ಈ ಕಸುಬಿಗೆ ಶಂಕ್ರವ್ವ ಇಷ್ಟಪಟ್ಟು ಬಂದವರಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದಾಗ ಗಂಡ ಯಲ್ಲಪ್ಪ ಲೇತ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಈಗಲೂ ಅಲ್ಲೇ ಇದ್ದಾರೆ. ಒಬ್ಬರ ದುಡಿಮೆ ಸಾಲದೆ ಶಂಕ್ರವ್ವ ವಿಜಯನಗರದ ದೊಡ್ಡ ಸಲೂನೊಂದರಲ್ಲಿ ತಲೆ ತೊಳೆಯುವ ಕೆಲಸ ಹಿಡಿದರು. ದಿನಕ್ಕೆ ಮೂವತ್ತು, ಹಬ್ಬದ ಮುಂಚೆ ಐವತ್ತು ತಲೆ. ಘಮಘಮ ಶಾಂಪೂ, ಮೂಗಿಗೆ ಘಾಟು ಹೊಡೆಯುವ ಬಣ್ಣಗಳು. ಗಿರಾಕಿಗಳ ಕೂದಲು ಮಿರಮಿರ ಮಿಂಚುತ್ತಿತ್ತು, ಇವರ ಬೆರಳ ಸಂದುಗಳು ಬಿರಿಯುತ್ತಿದ್ದವು.

“ರೊಟ್ಟಿ ಹಿಟ್ಟು ನಾದಾಕ ಆಗ್ತಿರ್ಲಿಲ್ರಿ,” ಎಂದು ಅಂಗೈ ಬಿಡಿಸಿ ತೋರಿಸುತ್ತಾರೆ. “ಉಪ್ಪು ಸೋಕಿದ್ರ ಜೀವಾನ ಹೋದಂಗ ಆಗೂದು. ಡಾಕ್ಟರು ಮುಲಾಮು ಕೊಟ್ರು, ನೀರಾಗ ಕೈ ಹಾಕಬ್ಯಾಡ ಅಂದ್ರು. ತಲಿ ತೊಳ್ಯಾಕಿ ನೀರಾಗ ಕೈ ಹಾಕ್ದ ಇನ್ನೇನು ಮಾಡ್ಬೇಕ್ರಿ?”

ಹಟಕ್ಕೆ ಬಿದ್ದು ಸೀಗೆಕಾಯಿ, ಅಂಟುವಾಳ ಕುದಿಸಿ ಸೋಸಿದ ನೀರನ್ನು ಬಾಟಲಿಯಲ್ಲಿ ತಂದು, ಒಪ್ಪಿದ ಗಿರಾಕಿಗಳಿಗೆ ಮಾತ್ರ ಹಾಕತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಕೈ ವಾಸಿಯಾಯಿತು. ಕೆಲವು ಗಿರಾಕಿಗಳು ಅದನ್ನೇ ಕೇಳಿಕೊಂಡು ಬರತೊಡಗಿದಾಗ ಮಾಲೀಕರಿಗೆ ಸಿಟ್ಟು ಬಂತು, ಶಂಕ್ರವ್ವನ ಕೆಲಸ ಹೋಯಿತು. ಒಳ್ಳೆಯದೇ ಆಯಿತೆನ್ನಿ! ಇಲ್ಲದಿದ್ದರೆ ಅವರು ಇವತ್ತಿಗೂ ಅದೇ ಬೇಸಿನ್ ಮುಂದೆ ಬಗ್ಗಿರುತ್ತಿದ್ದರು.

ಈಗ ಏಳು ಗಂಟೆಗೆ ಸ್ಕೂಟರಿನ ಮುಂದೆ ಒಂದು ಕ್ಯಾನು, ಹಿಂದೆ ಎರಡು ಕ್ಯಾನು ಏರಿಸಿ ಹೊರಟರೆ ಮಧ್ಯಾಹ್ನದ ತನಕ ನಲವತ್ತು ಕಿಲೋಮೀಟರು ಸುತ್ತಾಟ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ವಾರಕ್ಕೆರಡು ದಿನ ಕೆಂಗೇರಿ. ಪಾರ್ಲರಿನ ಖಾಲಿ ಬಾಟಲಿಗೇ ಮತ್ತೆ ಶಾಂಪೂ ತುಂಬಿಸಿ ಕೊಡುತ್ತಾರೆ, ಹೊಸ ಬಾಟಲಿ ಕೇಳಿದರೆ ಬೈಯುತ್ತಾರೆ. ಹೀಗೆ ತಿಂಗಳಿಗೆ ನಾನೂರು ಪ್ಲಾಸ್ಟಿಕ್ ಬಾಟಲಿಯಾದರೂ ಕಸದ ಗಾಡಿ ಹತ್ತುವುದು ತಪ್ಪುತ್ತದೆ. ಮೆಹಂದಿ ಪುಡಿ ಬರುವುದು ಬಟ್ಟೆಯ ಚೀಲದಲ್ಲಿ. ಚೀಲ ವಾಪಸ್ ಕೊಡದವರಿಗೆ ಮುಂದಿನ ಸಲ ಪುಡಿ ಇಲ್ಲ.

ಮಾರುವುದು ಅಂದುಕೊಂಡಷ್ಟು ಸಲೀಸಲ್ಲ. ಪಾರ್ಲರಿನವರ ಮೊದಲ ತಕರಾರು ನೊರೆಯದು. “ಏನ್ ಆಂಟಿ, ನೊರೆನೇ ಬರಲ್ಲ, ಕಸ್ಟಮರ್ ನೀರು ಹಾಕಿ ಏಮಾರಿಸ್ತಿದೀರಾ ಅಂತಾರೆ,” ಎನ್ನುತ್ತಾರೆ. ಶಂಕ್ರವ್ವ ಜಗಳಕ್ಕೆ ನಿಲ್ಲುವುದಿಲ್ಲ. ಸೆರಗು ಸಿಕ್ಕಿಸಿಕೊಂಡು, ಆ ಗಿರಾಕಿಯ ತಲೆಯನ್ನು ತಾವೇ ತೊಳೆದು ತೋರಿಸುತ್ತಾರೆ. ಬೋರ್‌ವೆಲ್ ನೀರಿರುವ ಕಡೆಗೆ ಸ್ವಲ್ಪ ಗಟ್ಟಿ ಶಾಂಪೂ, ಕಾವೇರಿ ನೀರಿರುವ ಕಡೆಗೆ ತೆಳುವಾದದ್ದು. ಯಾವ ರಸ್ತೆಗೆ ಯಾವ ನೀರು ಬರುತ್ತದೆಂದು ನೀರು ಬಿಡುವ ವಾಲ್ವ್‌ಮನ್‌ಗಿಂತ ಇವರಿಗೇ ಚೆನ್ನಾಗಿ ಗೊತ್ತು.

ಅವರದೊಂದು ಕಟ್ಟುನಿಟ್ಟಿನ ಕಟ್ಟಳೆ ಇದೆ. ಮೆಹಂದಿಯ ಹೊಸ ಚೀಲ ಬಿಚ್ಚಿದಾಗ, ಅದನ್ನು ಹಚ್ಚಿಸಿಕೊಳ್ಳುವವರ ಕಿವಿಯ ಹಿಂದಿನ ಒಂದೇ ಒಂದು ಎಳೆ ಕೂದಲಿಗೆ ಮೊದಲು ಹಚ್ಚಬೇಕು. ಎರಡು ದಿನ ಬಿಟ್ಟು ನೋಡಿ, ಆಮೇಲೆ ತಲೆಗೆ. ಪಾರ್ಲರಿನವರಿಗೆ ಇದೊಂದು ಪೀಕಲಾಟ. ಅವಸರದಲ್ಲಿ ಬಂದ ಗಿರಾಕಿಗೆ ಎರಡು ದಿನ ಬಿಟ್ಟು ಬಾ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾಳೆ. ಬಸವೇಶ್ವರನಗರದಲ್ಲಿ ಹದಿನಾಲ್ಕು ವರ್ಷದಿಂದ ಪಾರ್ಲರ್ ನಡೆಸುವ ಲಕ್ಷ್ಮಿದೇವಮ್ಮ ಈ ಬಗ್ಗೆ ಗೊಣಗದ ದಿನವಿರಲಿಲ್ಲ. “ನೀವು ಪುಡಿ ಮಾರ್ತೀರೋ, ಪರೀಕ್ಷೆ ಬರೆಸ್ತೀರೋ?” ಎನ್ನುತ್ತಿದ್ದರು.

ಆ ಲಕ್ಷ್ಮಿದೇವಮ್ಮ ಇವತ್ತು ಅದೇ ಕಟ್ಟಳೆಗೆ ಕೈಮುಗಿಯುತ್ತಾರೆ. ಹೋದ ಕಾರ್ತಿಕ ಮಾಸದಲ್ಲಿ ನಡೆದದ್ದನ್ನು ಹೇಳುವಾಗ ಇಬ್ಬರಿಗೂ ಈಗಲೂ ಮೈ ಜುಂ ಎನ್ನುತ್ತದೆ.

ಆ ವಾರ ಶಂಕ್ರವ್ವ ಹೊಸ ವ್ಯಾಪಾರಿಯೊಬ್ಬನಿಂದ ಮೆಹಂದಿ ಪುಡಿ ತಂದಿದ್ದರು. ಎಂದಿನಂತೆ ಬಿಳಿಕೂದಲ ಗಂಟುಗಳಿಗೆ ಹಚ್ಚಿ ನೋಡಿದರು. ಬಣ್ಣ ಕೆಂಪಗೆ, ಗಾಢವಾಗಿ, ಕಣ್ಣಿಗೆ ಹಬ್ಬದಂತೆ ಬಂತು. ಬುಧವಾರ ಹನ್ನೊಂದು ಪಾರ್ಲರುಗಳಿಗೆ ಹಂಚಿದರು. ಚೀಲ ಇಸಿದುಕೊಳ್ಳುತ್ತ ಲಕ್ಷ್ಮಿದೇವಮ್ಮ, “ಭಾನುವಾರ ನಮ್ಮ ವಚನಾದು ನಿಶ್ಚಿತಾರ್ಥ ಕಣ್ರೀ. ಹೋದ್ವರ್ಷ ಬ್ಲೀಚ್ ಮಾಡ್ಸಿ ಹೈಲೈಟ್ಸ್ ಹಾಕಿಸ್ಕೊಂಡಿದ್ಲು, ಅದನ್ನ ಮುಚ್ಚೋಕೆ ಮೆಹಂದಿನೇ ಬೇಕಂತೆ. ಶನಿವಾರ ಬೆಳಿಗ್ಗೆ ಏಳಕ್ಕೇ ಬಾ ಅಂದಿದೀನಿ,” ಎಂದಿದ್ದರು. ವಚನಾ ಅದೇ ರಸ್ತೆಯ ಹುಡುಗಿ, ಸೊಂಟದವರೆಗಿನ ಕೂದಲು. ಶಂಕ್ರವ್ವ ಅವಳಿಗೆಂದು ಒಂದು ಹಿಡಿ ಪುಡಿ ಜಾಸ್ತಿಯೇ ಹಾಕಿ ಬಂದಿದ್ದರು.

ಶುಕ್ರವಾರ ಬೆಟ್ಟಯ್ಯನವರ ಪೊಟ್ಟಣದಲ್ಲಿ ಬಿಳಿಕೂದಲ ಜೊತೆ ಒಂದು ಹೊಂಬಣ್ಣದ ಜುಟ್ಟೂ ಬಂತು. ಯಾವನೋ ಕಾಲೇಜು ಹುಡುಗ ಇಂಟರ್‌ವ್ಯೂಗೆಂದು ಬ್ಲೀಚ್ ಮಾಡಿಸಿದ್ದ ಜುಟ್ಟು ಕತ್ತರಿಸಿಕೊಂಡಿದ್ದ. ಶಂಕ್ರವ್ವ ಉಳಿದಿದ್ದ ಮೆಹಂದಿಯನ್ನು ಸುಮ್ಮನೆ ಅದಕ್ಕೂ ಬಳಿದು, ಬಾಳೆ ಎಲೆಯಲ್ಲಿ ಸುತ್ತಿಟ್ಟರು. ಶನಿವಾರ ಬೆಳಿಗ್ಗೆ ಆರೂವರೆಗೆ ತೊಳೆದು ನೋಡುತ್ತಾರೆ, ಜುಟ್ಟು ಹಸಿರು! ಬಾವಿಯ ಪಾಚಿಯ ಹಸಿರು. ಬೆರಳಿನಲ್ಲಿ ಎಳೆದರೆ ಪುಟಪುಟನೆ ತುಂಡಾಗುತ್ತಿದೆ.

“ಎದಿ ಧಸಕ್ ಅಂತ್ರಿ,” ಎನ್ನುತ್ತಾರೆ ಶಂಕ್ರವ್ವ. “ಆಗ ಹೊಳೀತು ನನಗ. ಇಷ್ಟು ವರ್ಷ ನಾ ಪರೀಕ್ಷಾ ಮಾಡಿದ್ದು ಯಾರ ಕೂದ್ಲದ ಮ್ಯಾಲ? ಮುದುಕರದು. ಜನ್ಮದಾಗ ಬಣ್ಣ ಕಾಣದ ಕೂದ್ಲ. ಪುಡಿ ಹಚ್ಕೊಳ್ಳೋರು ಯಾರು? ಬ್ಲೀಚ್ ಮಾಡಿಸ್ಕೊಂಡ ಹುಡುಗ್ಯಾರು! ಎಂಥಾ ದಡ್ಡಿ ಇದ್ದೆ ನೋಡ್ರಿ ನಾ.”

ಬಣ್ಣ ಗಾಢವಾಗಲೆಂದು ಪುಡಿಗೆ ಯಾವುದೋ ಲೋಹದ ಲವಣ ಬೆರೆಸಿದ್ದರೆಂದು ಪರೀಕ್ಷೆ ಮಾಡಿಸಿದಾಗ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವರಿಗೆ ಗೊತ್ತಿದ್ದದ್ದು ಒಂದೇ, ಏಳು ಗಂಟೆಗೆ ವಚನಾ ಬರುತ್ತಾಳೆ. ಗಡಬಡಿಸಿ ಎಲ್ಲರಿಗೂ ಫೋನ್ ಹಚ್ಚಿದರು. ಹತ್ತು ಪಾರ್ಲರಿನವರು ಎತ್ತಿದರು. ಯಾರೂ ಇನ್ನೂ ತಲೆಗೆ ಹಚ್ಚಿರಲಿಲ್ಲ, ಸದ್ಯ. ಹನ್ನೊಂದನೆಯವರು ಲಕ್ಷ್ಮಿದೇವಮ್ಮ. ಗಂಟೆ ಹೊಡೆದುಕೊಂಡೇ ಹೋಯಿತು. ಮತ್ತೆ ಹಚ್ಚಿದರು, ಮತ್ತೆ ಹಚ್ಚಿದರು. ಕೈಯಲ್ಲಿ ಮೆಹಂದಿ ಇದ್ದವರು ಫೋನ್ ಎತ್ತುವುದಿಲ್ಲ ಎನ್ನುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಕಟ್ಟಳೆಗೆ ಸದಾ ಗೊಣಗುವವರು ಕಿವಿಯ ಹಿಂದೆ ಹಚ್ಚಿ ನೋಡಿರುತ್ತಾರೆಂಬ ನಂಬಿಕೆ ಶಂಕ್ರವ್ವನಿಗಿರಲಿಲ್ಲ.

ಸ್ಕೂಟರ್ ಹತ್ತಿದವರು ಹಾವನೂರು ಸರ್ಕಲ್ ದಾಟಿದ್ದು ಹೇಗೆಂದು ಈಗಲೂ ನೆನಪಿಲ್ಲವಂತೆ. “ದಾರಿ ತುಂಬಾ ಆ ಕೂಸಿನ ತಲೀನ ಕಣ್ಣ ಮುಂದ ಬರ್ತಿತ್ತು. ನಾಳೆ ಬೀಗರು ಬರ್ತಾರ. ಅಷ್ಟುದ್ದ ಕೂದ್ಲ. ಹಸರಾಗಿ ಉದುರಿದ್ರ ಆಕಿ ಜೀವನದಾಗ ನನ್ನ ಮರೀತಾಳೇನ್ರಿ?”

ಪಾರ್ಲರಿನ ಬಾಗಿಲು ನೂಕಿದಾಗ ಏಳೂಕಾಲು. ವಚನಾ ಕುರ್ಚಿಯಲ್ಲಿ ಕುಳಿತಿದ್ದಾಳೆ, ಹೆಗಲಿಗೆ ಟವೆಲ್ಲು, ಕೂದಲೆಲ್ಲ ಬಿಚ್ಚಿಹಾಕಿದೆ. ಪಕ್ಕದ ಸ್ಟೂಲಿನ ಮೇಲೆ ಬಾಣಲೆ ತುಂಬ ಕಲಸಿದ ಮೆಹಂದಿ. ಲಕ್ಷ್ಮಿದೇವಮ್ಮನ ಕೈಗವಸು ಮೆಹಂದಿಮಯ.

“ಹಚ್ಚಿದ್ರೇನ್ರಿ?” ಶಂಕ್ರವ್ವ ಬಾಗಿಲಲ್ಲೇ ನಿಂತು ಕೇಳಿದರು.

“ಹಚ್ಚೋದೆಲ್ಲಿ ಬಂತು!” ಲಕ್ಷ್ಮಿದೇವಮ್ಮ ಸಿಡುಕಿದರು. “ಎಲ್ಲಾ ಕಲಸಿ, ಬ್ರಷ್ ಅದ್ದಿ, ಇನ್ನೇನು ಶುರು ಮಾಡ್ಬೇಕು, ನಿಮ್ಮ ರೂಲ್ಸ್ ನೆನಪಾಯ್ತು. ಗುರುವಾರ ಕಿವಿ ಹಿಂದೆ ಹಚ್ಚಿದ್ನಲ್ಲಾ ಅಂತ ಕೂದಲು ಎತ್ತಿ ನೋಡಿದ್ರೆ… ಬನ್ನಿ ಇಲ್ಲಿ, ನೀವೇ ನೋಡಿ ನಿಮ್ಮ ಪುಡಿಯ ಚೆಂದಾನ!”

ವಚನಾಳ ಬಲಗಿವಿಯ ಹಿಂದೆ, ಹೈಲೈಟ್ಸಿನ ಬೆರಳಗಲದ ಒಂದು ಎಳೆ ಹಸಿರಾಗಿತ್ತು. ಒಂದೇ ಒಂದು ಎಳೆ. ಉಳಿದ ಕೂದಲಿಗೆ ಏನೂ ಆಗಿರಲಿಲ್ಲ.

ಶಂಕ್ರವ್ವ ಇದ್ದಲ್ಲೇ ನೆಲಕ್ಕೆ ಕುಸಿದು ಕುಳಿತರು. ಅಳು ಬಂತು, ನಗುವೂ ಬಂತು, ಯಾವುದು ಮೊದಲೋ ಅವರಿಗೇ ತಿಳಿಯಲಿಲ್ಲ. ಹೋದ ಜೀವ ಬಂದಂತಾಗಿ ಕುರ್ಚಿಯ ಕಾಲು ಹಿಡಿದುಕೊಂಡೇ ಐದು ನಿಮಿಷ ಕೂತಿದ್ದರಂತೆ. ಬೈದಾಡುತ್ತಿದ್ದ ಲಕ್ಷ್ಮಿದೇವಮ್ಮನೇ ಗಾಬರಿಯಾಗಿ ಬೆನ್ನು ನೀವಿದರು. ವಚನಾ ಎದ್ದು ಬಂದು, “ಆಂಟಿ, ಮೊದ್ಲು ನೀರು ಕುಡೀರಿ. ಒಂದು ಎಳೆ ತಾನೇ, ಕತ್ತರಿಸಿದ್ರಾಯ್ತು. ನಮ್ ಹುಡುಗ ಅಷ್ಟು ಹತ್ರದಿಂದ ಇನ್ನೂ ನೋಡಿಲ್ಲ ಬಿಡಿ!” ಎಂದಳು. ಮೂವರೂ ನಕ್ಕರು, ಪಾರ್ಲರಿನ ಗೋಡೆ ಅದುರುವ ಹಾಗೆ.

ಹುಡುಗಿಗೆ ಅವತ್ತು ಬರೀ ಸೀಗೆ ಸ್ನಾನ. ತಲೆಯನ್ನು ಶಂಕ್ರವ್ವನೇ ತೊಳೆದರು. ಹೈಲೈಟ್ಸಿನ ಹಳದಿ ಗೆರೆಗಳು ಹಾಗೇ ಉಳಿದವು, ಮೇಲೆ ಮೊಳಗಟ್ಟಲೆ ಮಲ್ಲಿಗೆ ಮುಡಿಸಿದರು, ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು.

ಇಲ್ಲಿಗೆ ಸುಮ್ಮನಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಡಿ ಕೆಟ್ಟಿದೆ, ವಾಪಸ್ ಕೊಡಿ ಎಂದರೆ ಸಾಕಿತ್ತು. ಶಂಕ್ರವ್ವ ಹಾಗೆ ಮಾಡಲಿಲ್ಲ. ಹನ್ನೊಂದೂ ಪಾರ್ಲರಿಗೆ ಹೋಗಿ, ಹಸಿರು ಜುಟ್ಟನ್ನು ಮೇಜಿನ ಮೇಲಿಟ್ಟು, ತಪ್ಪು ತನ್ನದೇ ಎಂದು ಬಾಯಿಬಿಟ್ಟು ಹೇಳಿದರು. ಇಬ್ಬರು ಇನ್ನು ಬರಬೇಡಿ ಎಂದರು. ಒಂಬತ್ತು ಜನ ಉಳಿದರು. ಬಿಟ್ಟುಹೋದ ಇಬ್ಬರ ಮೇಲೆ ಅವರಿಗೆ ಬೇಸರವಿಲ್ಲ. “ಅವರ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ನೇನೋ,” ಎನ್ನುತ್ತಾರೆ.

ಈಗ ಬೆಟ್ಟಯ್ಯನವರ ಅಂಗಡಿಯಿಂದ ಎದ್ದವರು ಪಾರ್ಲರುಗಳ ಕಸಕ್ಕೂ ಕೈ ಹಾಕುತ್ತಾರೆ. ಬ್ಲೀಚ್ ಮಾಡಿದ್ದು, ಡೈ ಹಚ್ಚಿದ್ದು, ಇಸ್ತ್ರಿ ಹೊಡೆದಂತೆ ನೇರ ಮಾಡಿಸಿದ್ದು, ಎಲ್ಲಕ್ಕೂ ಬೇರೆ ಬೇರೆ ಗಂಟು. ಮೆಹಂದಿಯ ಸೊಪ್ಪನ್ನೇ ಒಣಗಿಸಿದ್ದು ತರಿಸಿ, ಕೆಂಗೇರಿಯ ಗಿರಣಿಯಲ್ಲಿ ಕಣ್ಣೆದುರೇ ಬೀಸಿಸುತ್ತಾರೆ. ಮೊದಲ ಸಲ ಗಿರಣಿಯವನು ಖಾರದ ಪುಡಿ ಬೀಸಿದ ಮಷೀನಿಗೇ ಸೊಪ್ಪು ಸುರಿದಿದ್ದ. ಆ ಪುಡಿಯನ್ನು ತಮ್ಮ ತಲೆಗೇ ಹಚ್ಚಿಕೊಂಡು ನೋಡಿದ ಶಂಕ್ರವ್ವ ಎರಡು ದಿನ ಉರಿಯಿಂದ ನಿದ್ದೆಗೆಟ್ಟರು. ಅಯ್ಯೋ, ಅದನ್ನು ಹೇಳುವಾಗ ಅವರು ನಗುವುದನ್ನು ನೋಡಬೇಕು! ಈಗ ಗಿರಣಿಯಲ್ಲಿ ಮೆಹಂದಿಗೇ ಒಂದು ಮಷೀನು ಬೇರೆ ಇದೆ.

ಹೋದ ತಿಂಗಳು ವಚನಾಳ ಮದುವೆ. ಅದಕ್ಕೆ ಎರಡು ದಿನ ಮುಂಚೆ ಶಂಕ್ರವ್ವ ಬಾಟಲಿ ತುಂಬಿಸಲೆಂದು ಲಕ್ಷ್ಮಿದೇವಮ್ಮನ ಪಾರ್ಲರಿಗೆ ಹೋದರೆ, ಹುಡುಗಿ ಮೆಹಂದಿಗೆಂದು ಕುರ್ಚಿಯಲ್ಲಿದ್ದಳು, ಕಿವಿಯ ಹಿಂದಿನ ಪರೀಕ್ಷೆ ಮೊದಲೇ ಮುಗಿದಿತ್ತು. ಮದುವೆ ತಲೆ, ರಿಸ್ಕ್ ಯಾಕೆಂದು ಲಕ್ಷ್ಮಿದೇವಮ್ಮ ದೊಡ್ಡ ಕಂಪನಿಯ ಮೆಹಂದಿ ಪೊಟ್ಟಣವನ್ನೂ ತರಿಸಿಟ್ಟಿದ್ದರು. “ಎರಡರಲ್ಲಿ ಯಾವುದು ಹಾಕ್ಲಿ, ನೀನೇ ಹೇಳಮ್ಮ,” ಎಂದರು. ಶಂಕ್ರವ್ವ ಕ್ಯಾನಿನ ಮುಚ್ಚಳ ತಿರುಗಿಸುವುದರಲ್ಲೇ ಮುಳುಗಿದವರಂತೆ ನಿಂತರು.

“ಶಂಕ್ರವ್ವ ಆಂಟಿ ತಂದಿದ್ದೇ ಹಾಕಿ,” ಎಂದಳು ವಚನಾ. ಅಷ್ಟೇ ಹೇಳಿ, ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದಳು.

ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ, ಬಾಟಲಿಯ ಮೇಲೆ ನಿಮ್ಮ ಹೆಸರು ಹಾಕಿಸಬಾರದೇ ಎಂದು ಕೇಳಿದರೆ ಶಂಕ್ರವ್ವ ಸ್ಕೂಟರಿಗೆ ಕ್ಯಾನು ಬಿಗಿಯುತ್ತಲೇ ತಲೆಯಾಡಿಸುತ್ತಾರೆ.

“ಹೆಸರು ತಗೊಂಡು ಏನು ಮಾಡೂದೈತ್ರಿ? ಆ ಹುಡುಗಿ ಕಣ್ಣು ಮುಚ್ಚಿದ್ಲಲ್ಲ, ಅವತ್ತ ನನ್ನ ಜೀವ ತಣ್ಣಗಾತು. ನಾ ತಂದ ಪುಡಿ ಅಂದ್ರ ಎಲ್ಲಾರೂ ಹಂಗ ಕಣ್ಣು ಮುಚ್ಚಿ ಕುಂದರಬೇಕು. ಕಣ್ಣು ತೆರೆದು ಕಾಯಾಕ ನಾ ಅದೀನಲ್ಲ.”