ಜೆಸಿಂತಾ ಟೀಚರ್ ಯಾಕೆ ಅತ್ತರು?

ಮೆದುಳಿನ ಪಾಠದ ದಿನ ಜೆಸಿಂತಾ ಟೀಚರ್ ಶಾಲೆಗೆ ಎರಡು ಡಬ್ಬಿ ತರುತ್ತಿದ್ದರು. ಒಂದರಲ್ಲಿ ಅವರ ಮಧ್ಯಾಹ್ನದ ಊಟ. ಇನ್ನೊಂದರಲ್ಲಿ, ಬಾಳೆಲೆಯ ಚೂರಿನ ಮೇಲೆ, ಆಡಿನ ಮೆದುಳು. ಬೆಳಿಗ್ಗೆಯೇ ಕಾರ್ಕಳ ಪೇಟೆಯ ಮಾಂಸದಂಗಡಿಗೆ ಹೋಗಿ, ಎದುರಿಗೆ ನಿಂತು, ಒಡೆಯದ ಹಾಗೆ ತೆಗೆಸಿಕೊಂಡು ತಂದದ್ದು. ಮುಚ್ಚಳ ತೆಗೆದ ಕೂಡಲೇ ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಹಿಂದಿನವರು ನೋಡಲು ಬೆಂಚು ಹತ್ತುತ್ತಿದ್ದರು.

“ಮೂಗು ಎಂತಕ್ಕೆ ಮುಚ್ಚುವುದು? ನಿಮ್ಮ ತಲೆಯೊಳಗೆ ಇರುವುದೂ ಇಂಥದ್ದೇ. ಸ್ವಲ್ಪ ದೊಡ್ಡದು, ಅಷ್ಟೆ. ಕೆಲವರದ್ದು ಅಷ್ಟೂ ಇಲ್ಲ,” ಎಂದು ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದರು.

ಅಡುಗೆಮನೆಯ ಚೂರಿಯಿಂದ ಅದನ್ನು ನಿಧಾನವಾಗಿ ಕೊಯ್ದು, ತೆಂಗಿನ ಕಡ್ಡಿಯ ತುದಿಯಿಂದ ತೋರಿಸುತ್ತಿದ್ದರು. “ಇಲ್ಲಿ ಬಾದಾಮಿಯ ಹಾಗೆ ಒಂದು ಗಂಟು ಉಂಟು ನೋಡಿ. ಹೆದರಿಕೆ ಇಲ್ಲಿಂದ ಶುರು. ಹಾವು ಅಂತ ನಿಮಗೆ ಗೊತ್ತಾಗುವ ಮೊದಲೇ ಇದಕ್ಕೆ ಗೊತ್ತಾಗ್ತದೆ, ಕಾಲು ಹಾರಿ ಆಗಿರ್ತದೆ. ಎಲ್ಲರೂ ಹೃದಯ, ಹೃದಯ ಅಂತಾರೆ. ಹೃದಯ ಪಾಪ, ಅದು ಪಂಪು. ಮೇಲಿಂದ ಆರ್ಡರ್ ಬಂದರೆ ಜೋರು ಓಡ್ತದೆ.” ಪಾಠ ಮುಗಿದ ಮೇಲೆ ಡಬ್ಬಿ ಮುಚ್ಚಿ, “ಇದು ಸಂಜೆ ನಮ್ಮಲ್ಲಿ ಪದಾರ್ಥ. ಫ್ಲೋರಾ ಕಾಳುಮೆಣಸು ಹಾಕಿ ಮಾಡ್ತಾಳೆ,” ಎನ್ನುತ್ತಿದ್ದರು. ನಿಜವೋ ತಮಾಷೆಯೋ ಎಂದು ನಮಗೆ ತಿಳಿಯುತ್ತಿರಲಿಲ್ಲ.

ಫ್ಲೋರಾ ಎಂದರೆ ಅವರ ತಂಗಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಕಾರ್ಕಳದಲ್ಲಿ ಸಣ್ಣ ಹೆಂಚಿನ ಮನೆಯಲ್ಲಿ ಇಬ್ಬರೇ ಇದ್ದರು. ಟೀಚರ್ ಕುಳ್ಳಗೆ, ಗಟ್ಟಿಮುಟ್ಟು. ತರಗತಿಯಲ್ಲಿ ಯಾರಾದರೂ ಅತ್ತರೆ “ಅಳಬೇಡ” ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಕೈಗಡಿಯಾರ ನೋಡಿ, “ಎರಡು ನಿಮಿಷ ಉಂಟು ನಿನಗೆ, ಸರಿಯಾಗಿ ಅಳು. ಮತ್ತೆ ಚಿತ್ರ ಬಿಡಿಸುವ,” ಎನ್ನುತ್ತಿದ್ದರು. ಎರಡು ನಿಮಿಷ ಗಡುವು ಸಿಕ್ಕಿದ ಮೇಲೆ ಅಳುವುದು ಯಾರಿಗೂ ಆಗುತ್ತಿರಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಅಜ್ಜಿ ತೀರಿಕೊಂಡರು. ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು ನಾನು. ಹೆಣವನ್ನು ಚಾವಡಿಯಲ್ಲಿ ಮಲಗಿಸಿ ಎಲ್ಲರೂ ಅಳುತ್ತಿದ್ದಾಗ ನನಗೆ ನಗು ಬಂತು. ತಡೆದಷ್ಟೂ ಉಕ್ಕಿತು. ದೊಡ್ಡಮ್ಮ ಎಲ್ಲರೆದುರಿಗೆ ಕೆನ್ನೆಗೆ ಹೊಡೆದು ಹೊರಗೆ ದಬ್ಬಿದರು. ಮೂರನೆಯ ದಿನ ಟೀಚರ್ ಮನೆಗೆ ಬಂದರು. ವಿಷಯ ಅವರ ಕಿವಿಗೂ ಬಿದ್ದಿತ್ತು. ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದರು.

“ಸುಜಾತಾ, ನೀನು ಕೆಟ್ಟವಳಲ್ಲ ಮಾರಾಯ್ತಿ. ನೋವು ಆಗುವ ಜಾಗ ಬೇರೆ, ಮುಖವನ್ನು ಎಳೆಯುವ ತಂತಿ ಬೇರೆ. ಬಹಳ ಹೆದರಿದಾಗ, ಬಹಳ ನೊಂದಾಗ, ಮೆದುಳು ತಪ್ಪು ತಂತಿ ಎಳೀತದೆ. ಮುಖ ನೋಡಿ ಮನಸ್ಸು ಹೇಳಬಾರದು. ದೊಡ್ಡಮ್ಮನಿಗೆ ಅದು ಗೊತ್ತಿಲ್ಲ, ಅಷ್ಟೆ.”

ನಾನು ಆಗ ಅತ್ತೆ. ಆ ದಿನ ಅವರು ಗಡಿಯಾರ ನೋಡಲಿಲ್ಲ. ನಾನು ವಿಜ್ಞಾನ ಓದಿ ಟೀಚರಾದದ್ದು ಆ ಮಾತಿನಿಂದಲೇ ಎಂದು ಈಗಲೂ ಹೇಳುತ್ತೇನೆ. ಕಾಪುವಿನ ಶಾಲೆಯಲ್ಲಿ ಅದೇ ಪಾಠವನ್ನು ವರ್ಷವೂ ಮಾಡುತ್ತೇನೆ. ಆಡಿನ ಮೆದುಳು ತರುವ ಧೈರ್ಯ ನನಗಿಲ್ಲ, ಚಾರ್ಟು ತೂಗುಹಾಕುತ್ತೇನೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಟೀಚರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು. ಮುಸುಂಬಿ, ಬ್ರೆಡ್ಡು ಹಿಡಿದುಕೊಂಡು ನೋಡಲಿಕ್ಕೆ ಹೋದೆ. ನನ್ನನ್ನು ಕಂಡದ್ದೇ ತಡ, ಅವರು ಗಟ್ಟಿಯಾಗಿ ಅಳತೊಡಗಿದರು. ಬಾಯಿ ಸೊಟ್ಟಗಾಗಿ, ಉಸಿರು ಕಟ್ಟುವ ಹಾಗೆ ಅಳು. ಹತ್ತು ನಿಮಿಷವೂ ಕೂರಲಾಗದೆ ಎದ್ದು ಬಂದೆ. ಎರಡನೆಯ ಸಲವೂ ಹಾಗೆಯೇ ಆಯಿತು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ಬರೆದೆ: “ನಮ್ಮನ್ನು ಕಂಡರೆ ಟೀಚರಿಗೆ ತುಂಬ ಸಂಕಟವಾಗುತ್ತದೆ. ಸದ್ಯ ಯಾರೂ ಹೋಗುವುದು ಬೇಡ.”

ಬರೆದವಳು ನಾನು, ಟೀಚರ ಮೆಚ್ಚಿನ ಶಿಷ್ಯೆ. ಎಲ್ಲರೂ ನಂಬಿದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಆಮೇಲೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ದೊಡ್ಡ ಉಪಕಾರ ಮಾಡಿದವಳ ಹಾಗೆ ಇದ್ದೆ.

ಸುಮಾರು ಒಂದು ವರ್ಷ ಕಳೆದು ಮಣಿಪಾಲದಲ್ಲಿ ಒಂದು ಔಷಧಿ ಅಂಗಡಿಯ ಎದುರು ಫ್ಲೋರಕ್ಕ ಸಿಕ್ಕಿದರು. ತುಂಬ ಸೋತಿದ್ದರು.

“ನೀವು ಮಕ್ಕಳು ಎಂತ ಯಾರೂ ಬರುವುದೇ ಇಲ್ಲ?” ಎಂದರು. ಬೈಗುಳದ ದನಿಯಲ್ಲ, ಸುಮ್ಮನೆ ಕೇಳಿದ್ದು.

“ನಾವು ಬಂದರೆ ಟೀಚರ್ ಅಳ್ತಾರಲ್ಲ ಫ್ಲೋರಕ್ಕ. ಅವರಿಗೆ ಕಷ್ಟ ಆಗುವುದು ಬೇಡ ಅಂತ.”

“ಅಯ್ಯೋ ದೇವರೇ! ಅಳು ಅಂದರೆ ಅದು ಕಾಯಿಲೆಯ ಅಳು. ಡಾಕ್ಟರ್ ಮೊದಲ ದಿನವೇ ಹೇಳಿದ್ದಾರೆ, ತಲೆಯೊಳಗೆ ಅಳು ಹಿಡಿದು ನಿಲ್ಲಿಸುವ ಜಾಗ ಹೋಗಿದೆ ಅಂತ. ಸಂತೋಷ ಆದರೂ ಅಳ್ತಾಳೆ. ಬಂಗುಡೆ ಮೀನು ಹುರಿದರೂ ಅಳ್ತಾಳೆ ಅವಳು! ಭಾನುವಾರ ಚರ್ಚಿನ ಪೂಜೆ ಟಿವಿಯಲ್ಲಿ ನೋಡಿ ಆದ ಮೇಲೆ ನನ್ನ ಹತ್ತಿರ ತಲೆ ಬಾಚಿಸಿಕೊಂಡು ಜಗಲಿಯಲ್ಲಿ ಕೂರ್ತಾಳೆ. ಯಾರಾದರೂ ಬರ್ತೀರಿ ಅಂತ.”

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುತ್ತಾರಲ್ಲ, ನಾನು ಆ ಜಾತಿಯವಳು. ಆ ಜೂನಿನಲ್ಲೂ ನಗು, ಅಳು, ಮೆದುಳು ಎಂದು ಚಾರ್ಟಿಗೆ ಕೋಲು ತಾಗಿಸಿ ಪಾಠ ಮಾಡಿ ಬಂದಿದ್ದೆ. ದೊಡ್ಡಮ್ಮ ಒಂದು ಪೆಟ್ಟು ಹೊಡೆದು ಬಿಟ್ಟಿದ್ದರು. ನಾನು ಒಂದು ವರ್ಷ ಟೀಚರನ್ನು ಜಗಲಿಯಲ್ಲಿ ಒಬ್ಬರನ್ನೇ ಕೂರಿಸಿದೆ.

ಆ ಭಾನುವಾರವೇ ಹೋದೆ. ಟೀಚರ್ ಜಗಲಿಯ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕುಳಿತಿದ್ದರು. ಕಂಡ ಕೂಡಲೇ ಅಳು. ಈ ಸಲ ನಾನು ಏಳಲಿಲ್ಲ. ಅವರ ಎಡಗೈ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಅಳು ತಾನಾಗಿ ನಿಂತಿತು. ಮತ್ತೆ ಅವರು ನನ್ನನ್ನೇ ನೋಡಿದರು. ಕಣ್ಣು ತಿಳಿಯಾಗಿತ್ತು, ತರಗತಿಯಲ್ಲಿ ಇದ್ದ ಹಾಗೆಯೇ.

“ಟೀಚರ್, ಯಾರೂ ಬರಬೇಡಿ ಅಂತ ಎಲ್ಲರಿಗೆ ಹೇಳಿದ್ದು ನಾನು,” ಎಂದೆ. “ನೀವು ಕಲಿಸಿದ್ದನ್ನೇ ಮರೆತೆ. ಕ್ಷಮಿಸಿ.”

ಅವರು ಮತ್ತೆ ಅತ್ತರು. ಮೊದಲಿನಷ್ಟೇ ಗಟ್ಟಿಯಾಗಿ, ಅದೇ ಬಾಯಿ, ಅದೇ ಉಸಿರು. ಅದು ಕಾಯಿಲೆಯ ಅಳೋ, ನನ್ನ ಮಾತು ತಾಗಿದ ಅಳೋ, ಕ್ಷಮಿಸಿದ್ದೋ ಅಲ್ಲವೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು. ಒಳಗಿಂದ ಫ್ಲೋರಕ್ಕ, “ಅದು ಬಿಡ್ತದೆ, ನೀವು ಚಹಾ ಕುಡಿಯಿರಿ,” ಎಂದರು. ಚಹಾ ಕುಡಿದೆ.

ವಾಪಸು ಬರುವ ಬಸ್ಸು ಶಿರ್ವ ದಾಟುವಾಗ ಗುಂಪಿಗೆ ಎಲ್ಲವನ್ನೂ ಬರೆದೆ. ನಾನು ಹೇಳಿದ್ದು ತಪ್ಪು, ದಯವಿಟ್ಟು ಎಲ್ಲರೂ ಹೋಗಿ, ಟೀಚರ್ ಕಾಯುತ್ತಿದ್ದಾರೆ ಎಂದು. ಬರುವ ಭಾನುವಾರ ಹೋಗುವ ಎಂದು ತುಂಬ ಮಂದಿ ಉತ್ತರ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಟೀಚರಿಗೆ ಮತ್ತೊಮ್ಮೆ ಬಡಿಯಿತು. ಮಧ್ಯಾಹ್ನದೊಳಗೆ ಹೋದರು.

ಮಣ್ಣಿಗೆ ಹಾಕುವ ದಿನ ಇಗರ್ಜಿ ತುಂಬಿ ಅಂಗಳದವರೆಗೂ ಜನ. ಉಡುಪಿಯಿಂದ, ಮಂಗಳೂರಿನಿಂದ ಬಂದವರು, ರಜೆಯಲ್ಲಿ ಬಂದ ದುಬೈಯವರೂ ಸಹಿತ, ನಮ್ಮ ಶಾಲೆಯವರೇ. ಎಲ್ಲರೂ ಅಳುತ್ತಿದ್ದರು. ಫ್ಲೋರಕ್ಕ ಪೆಟ್ಟಿಗೆಯ ಹತ್ತಿರದಿಂದ ತಿರುಗಿ ಒಮ್ಮೆ ಎಲ್ಲರನ್ನೂ ನೋಡಿದರು. ಮತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

“ಇಷ್ಟು ಜನ ಇದ್ದೀರಾ ನೀವು?”