ಕನ್ನಡಕ ತೆಗೆದು ಆಡಿದ ಮಾತು

ಅಕ್ಕೋರೆ, ಗೊರೇಬಾಳದ ಕಾಲುವೆ ದಂಡೆಯ ಮೇಲೆ ನೀವು ಮಾಡಿದ ಭಾಷಣವನ್ನು ಕತ್ತರಿಸಿದವನು ನಾನು. ನಮ್ಮ ಚಾನೆಲ್ಲಿನ ಸಂಪಾದಕರಲ್ಲ. ಮೂರು ವರ್ಷದಿಂದ ನಿಮ್ಮ ಕಡೆಯವರೆಲ್ಲ ಅವರನ್ನು ಬಯ್ಯುತ್ತಿದ್ದಾರೆ, ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತ ಕೇಳಿಸಿಕೊಂಡಿದ್ದೇನೆ —

ಸಿಂಧನೂರಿನ ಕಾಲೇಜಿನಲ್ಲಿ ನನಗೆ ವಾದ ಮಾಡಲು ಕಲಿಸಿದವರು ನೀವು. ಲಿಂಗಸುಗೂರಿನ ಚರ್ಚಾಸ್ಪರ್ಧೆಗೆ ಹೊರಟ ಬಸ್ಸಿನಲ್ಲಿ ಹೇಳಿದ್ದಿರಿ: "ಮೊದಲಿಗೆ ಎದುರಾಳಿ ಮಾತು ಅವನಕಿಂತ ಚೆಂದ ನೀ ಹೇಳಬೇಕು. ಅಂವ ಹೌದಂತ ಗೋಣು ಹಾಕಿದ ಮ್ಯಾಲೆ ನಿನ್ನ ಉತ್ತರ. ಇಲ್ಲಂದ್ರ ಅದು ವಾದ ಅಲ್ಲಲೇ, ಬರೇ ಬಾಯಿ." ಎದುರಾಳಿಯ ವಾದ ಹೇಳುವಾಗ ನೀವು ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದಿರಿ, ಉತ್ತರಕ್ಕೆ ಬಂದಾಗ ಮತ್ತೆ ಹಾಕಿಕೊಳ್ಳುತ್ತಿದ್ದಿರಿ. ನಿಮ್ಮ ಬೆನ್ನ ಹಿಂದೆ ನಾವು ಅದನ್ನೇ ಅಣಕಿಸಿ ನಗುತ್ತಿದ್ದೆವು.

ನಿವೃತ್ತಿಯಾದ ಮೇಲೆ ನೀವು ಮಸ್ಕಿಯಲ್ಲಿ ವಿರೋಧ ಪಕ್ಷ ಸೇರಿದಿರಿ. ನಾನು ಸಿಂಧನೂರಿನ ಒಂದು ಸುದ್ದಿ ಚಾನೆಲ್ ಸೇರಿದೆ. ಅಲ್ಲಿನ ಪದ್ಧತಿಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು — ಆಳುವ ಪಕ್ಷದವರು ಬೇಕರಿ ಉದ್ಘಾಟಿಸಿದರೂ ಭಾಷಣ ಪೂರ್ತಿ. ವಿರೋಧ ಪಕ್ಷದವರು ಏನೇ ಹೇಳಲಿ, ಅರ್ಧ ನಿಮಿಷ. ಅದೂ ಜಗಳ ಹಚ್ಚುವಂಥದ್ದು. ದೇವರನ್ನೂ ಬಿಡದೆ ಪ್ರಶ್ನಿಸುವವನೆಂದು ಹೆಸರಾದ ನಾನು ಇದೊಂದನ್ನು ಮಾತ್ರ ಪ್ರಶ್ನಿಸಲಿಲ್ಲ.

ಆ ದಿನ ಕಾಲುವೆಯ ಕೊನೆಯ ಹಳ್ಳಿಗಳ ರೈತರು ನೀರಿಗಾಗಿ ಧರಣಿ ಕೂತಿದ್ದರು. ಅವರ ಪರ ಮಾತಾಡಲು ಎದ್ದ ನೀವು ಕನ್ನಡಕ ತೆಗೆದಿರಿ. "ನೀರು ಕಡಿಮಿ ಅದ. ಕೆಳಗಿನವ್ರು ನೆಲ್ಲಿನ ಆಸೆ ಬಿಟ್ಟು ಜ್ವಾಳ ಬಿತ್ತಿದ್ರ ಈ ಜಗಳನ ಇರಂಗಿಲ್ಲ." ಭತ್ತ ಬೆಳೆಯಬೇಡಿ ಎಂಬ ಅದು ಸರ್ಕಾರದ ವಾದ. ಆಮೇಲೆ ಕನ್ನಡಕ ಹಾಕಿಕೊಂಡು, ಮೇಲ್ಭಾಗದ ದೊಡ್ಡ ರೈತರು ಕಾಲುವೆಗೆ ಇಳಿಬಿಟ್ಟ ಕಳ್ಳ ಪಂಪುಗಳನ್ನು ಒಂದೊಂದಾಗಿ ಹೇಳುತ್ತ ಆ ವಾದವನ್ನು ಮುರಿದು ಹಾಕಿದಿರಿ. ಎದುರಿಗೆ ಕೂತು ಕೇಳಿದವರು ಕೆಲವರು. ಮೊಬೈಲಿನಲ್ಲಿ ನೋಡುವವರು ಊರು ತುಂಬ.

"ನಿಮ್ಮ ಅಕ್ಕೋರದು ಅರ್ಧ ನಿಮಿಷ ತಗಿ," ಎಂದರು ಸಂಪಾದಕರು. ಎಲ್ಲಿಂದ ಎಂದು ಹೇಳಲಿಲ್ಲ. ನನಗೆ ಗೊತ್ತಿತ್ತು — ಕನ್ನಡಕ ತೆಗೆದಲ್ಲಿಂದ, ಹಾಕಿಕೊಳ್ಳುವವರೆಗೆ. 'ಕೆಳಗಿನವರು ನೆಲ್ಲು ಬಿಡಲಿ: ವಿರೋಧ ಪಕ್ಷದ ನಾಯಕಿ' — ತಲೆಬರಹವೂ ನನ್ನದೇ.

"ಭಾರಿ ತಲಿ ಓಡಿಸೀಯಲೇ," ಎಂದು ಅವರು ಬೆನ್ನು ತಟ್ಟಿದರು. ನನ್ನ ಮುಖ ನೋಡಿ ಏನನ್ನಿಸಿತೋ, "ನಾಳಿ ಪೂರ್ತಿ ಭಾಷಣ ಹಾಕೋಣ, ಚಿಂತಿ ಮಾಡಬ್ಯಾಡ" ಎಂದರು. ಆ ನಾಳೆ ಬರಲೇ ಇಲ್ಲ. ಕೇಳಿದಾಗ, "ಹಳೇ ಸುದ್ದಿ ಯಾರು ನೋಡ್ತಾರಪಾ?" ಮೋಸ ಹೋದೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ಎಷ್ಟು ಆರಾಮ... ಆದರೆ ವಿಡಿಯೊದಲ್ಲಿ ಒಂದು ಮಾತೂ ಸುಳ್ಳಲ್ಲ, ಎಲ್ಲ ಅವರೇ ಆಡಿದ್ದು ಎಂದು ಗೆಳೆಯರ ಮುಂದೆ ವಾದ ಹೂಡಿ ಗೆದ್ದವನೂ ನಾನೇ.

ನೀವು ಕೆಳಗಿನ ಹಳ್ಳಿಗೆ ಹೋದಾಗ ಒಬ್ಬ ಮುದುಕ ಕಟ್ಟೆಯಿಂದ ಏಳದೆಯೇ ಕೇಳಿದನಂತೆ: "ಯಾಕ್ರೀ ಅಕ್ಕೋರ, ಜ್ವಾಳದ ಬೀಜ ತಂದೀರೇನು?" ಕೂತವರೆಲ್ಲ ನಕ್ಕರಂತೆ. ಅಂದಿನಿಂದ ಆ ಊರುಗಳಲ್ಲಿ ನಿಮ್ಮ ಮಾತು ನಡೆಯಲಿಲ್ಲ. ಪಂಪುಗಳ ವಿಷಯ ಅಲ್ಲಿಗೇ ನಿಂತಿತು. ಪಂಪುಗಳು ನಿಲ್ಲಲಿಲ್ಲ.

ಮೊನ್ನೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ತಪ್ಪಿಸಿಕೊಳ್ಳಬೇಕೆಂದು — ಆಗಲಿಲ್ಲ, ನೀವೇ ಕರೆದಿರಿ. ಕನ್ನಡಕ ತೆಗೆದಿರಿ.

"ಹೊಸಾ ನೌಕರಿ. ತಂಗಿ ಓದಾಕತ್ತಾಳ. ಹೇಳಿದ್ದು ಮಾಡಲಿಲ್ಲಂದ್ರ ಮನಿಗೆ ಕಳಸ್ತಾರ. ನೀ ಕತ್ತರಿಸದಿದ್ರ ಇನ್ನೊಬ್ಬ ಕತ್ತರಿಸ್ತಿದ್ದ. ಹೌದಿಲ್ಲೋ?"

ಹಾಗಾದರೆ ಮೊದಲಿನಿಂದಲೂ ನಿಮಗೆ ಗೊತ್ತಿತ್ತು. ನನ್ನ ವಾದವನ್ನು ನನಗಿಂತ ಚೆಂದ ಹೇಳಿದಿರಿ. ನಾನು ಗೋಣು ಹಾಕಿದೆ. ನೀವು ಕನ್ನಡಕ ಹಾಕಿಕೊಂಡಿರಿ. ಉತ್ತರಕ್ಕಾಗಿ ಕಾದೆ — ಮಸ್ಕಿ ಬಸ್ಸು ಬಂತು, ಹತ್ತಿ ಹೋದಿರಿ.

ಪೂರ್ತಿ ಭಾಷಣ ನನ್ನ ಮೊಬೈಲಿನಲ್ಲಿದೆ. ನಾಳೆ ಆ ಮುದುಕನ ಕಟ್ಟೆಗೆ ಹೋಗಿ ಅದನ್ನು ತೋರಿಸುತ್ತೇನೆ. ಕತ್ತರಿಸಿದವನು ಯಾರೆಂದೂ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಆಡದೆ ಬಿಟ್ಟ ಉತ್ತರವನ್ನು ನಾನೇ ಆಡಬೇಕು. ಇನ್ನೊಬ್ಬನೂ ಕತ್ತರಿಸುತ್ತಿದ್ದ, ನಿಜ. ಆದರೆ ಎಲ್ಲಿ ಕತ್ತರಿಸಬೇಕೆಂದು ಅವನಿಗೆ ನೀವು ಕಲಿಸಿರಲಿಲ್ಲ.